ಬಾಕ್ಸ್‌ನಲ್ಲಿ ಉಳಿದವರು

ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬಂದು ಕೂತ್ಕೊಳ್ಳಿ, ಶೀಟಿನ ಮೇಲೆ ಮಳೆ ಬಿದ್ರೆ ನನ್ನ ಮಾತು ಅಲ್ಲಿಗೆ ಕೇಳ್ಸಲ್ಲ.

ಹೋದ ಶುಕ್ರವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಚಪ್ಪಲಿ ಹಾಕ್ಕೊಳ್ಳೋ ನೆಪದಲ್ಲಿ ನನ್ನ ಹತ್ತಿರ ನಿಂತ. ಮೆಲ್ಲಗೆ ಕೇಳಿದ: "ಪಾಸ್ಟರ್, ಎರಡು ತಿಂಗಳಿಂದ ರಾತ್ರಿ ಕೂತು ಪೋಕೆಮಾನ್ ಟೀಮ್ ಕಟ್ತಾ ಇದೀನಿ. ಟೂರ್ನಮೆಂಟ್‌ಗೆ. ಇದು ಪಾಪಾನಾ?" ಹೌದು ಅಥವಾ ಇಲ್ಲ ಅಂತೀನಿ ಅಂದುಕೊಂಡಿದ್ದ. ನಾನು ಕೇಳಿದ್ದು, "ಟೀಮಲ್ಲಿ ಯಾರ್ಯಾರಿದ್ದಾರೆ?" ಅವನ ಮುಖ ನೋಡ್ಬೇಕಿತ್ತು. ಪಾಸ್ಟರ್‌ಗೆ ಗಾರ್ಚೋಂಪ್ ಅಂದ್ರೆ ಯಾರು ಅಂತ ಗೊತ್ತು ಅನ್ನೋದು ಅವನಿಗೆ ನನ್ನ ಇಡೀ ವರ್ಷದ ಪ್ರಸಂಗಕ್ಕಿಂತ ದೊಡ್ಡ ಸುದ್ದಿ ಆಯ್ತು.

ಅವನಿಗೆ ಭಾನುವಾರ ಉತ್ತರ ಹೇಳ್ತೀನಿ ಅಂದಿದ್ದೆ. ಈ ಒಂಬತ್ತು ದಿನ ಯೋಚನೆ ಮಾಡಿದ್ದೇನೆ. ಅವನಿಗೋಸ್ಕರ ಅಂತ ಶುರು ಮಾಡಿದ್ದು, ನಡುವೆ ನನ್ನ ಕಡೆಗೇ ತಿರುಗಿತು.

ಮೊದಲು ಹಿರಿಯರಿಗೆ ಒಂದು ಮಾತು. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಸಭೆಗಳಲ್ಲಿ ಈ ಆಟಕ್ಕೆ ಬೈಗುಳ ಸಾಕಷ್ಟು ಬಿದ್ದಿದೆ. 'ಪಾಕೆಟ್ ಮಾನ್ಸ್ಟರ್' ಅಂತ ಹೆಸರು, ಅಂದ್ರೆ ಜೇಬಲ್ಲಿ ರಾಕ್ಷಸ, ಅಂದ್ಮೇಲೆ ದೆವ್ವದ್ದೇ ಕೆಲಸ ಅಂತ. ವಿಷಯ ಅಷ್ಟು ಭಯಂಕರ ಏನಲ್ಲ. ಸತೋಶಿ ತಜಿರಿ ಅಂತ ಒಬ್ಬ ಜಪಾನಿನವರು, ಚಿಕ್ಕಂದಿನಲ್ಲಿ ಹುಳ ಹಿಡಿದು ಸಾಕೋ ಹುಚ್ಚು ಇದ್ದವರು. ಊರು ಬೆಳೆದು ಗದ್ದೆ ಹೋಯ್ತು, ಹುಳಾನೂ ಹೋಯ್ತು. ಆ ಹುಳ ಹಿಡಿಯೋ ಸಂತೋಷವನ್ನು ಒಂದು ಆಟದೊಳಗೆ ಇಟ್ಟರು. 1996ರ ಫೆಬ್ರವರಿ 27ಕ್ಕೆ ಜಪಾನಿನಲ್ಲಿ ಅದು ಹೊರಗೆ ಬಂತು. ಇನ್ನು ನಿದ್ದೆಗೆಟ್ಟು ಆಡೋದು, ಬೆಳಿಗ್ಗೆ 9 ಗಂಟೆ ಸ್ಟ್ಯಾಂಡಪ್ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡಿ ಆಕಳಿಸೋದು, ಅದು ನಿಮಗೂ ನಿಮ್ಮ ಮ್ಯಾನೇಜರಿಗೂ ಬಿಟ್ಟಿದ್ದು. ಅದರ ಬಗ್ಗೆ ಇವತ್ತು ಮಾತಾಡಲ್ಲ.

ನನ್ನ ಪ್ರಶ್ನೆ ಬೇರೆ. ಆರಿಸುವುದು ಅಂದ್ರೆ ಏನು? ಆರಿಸದೆ ಬಿಟ್ಟವರಿಗೆ ನಾವು ಏನಾದರೂ ಬಾಕಿ ಇದ್ದೇವಾ?

ಆಟ ಗೊತ್ತಿಲ್ಲದವರಿಗೆ ಹೇಳ್ತೀನಿ, ಸ್ವಲ್ಪ ಸಹಿಸಿಕೊಳ್ಳಿ. ಬರೀ ಕತೆ ಮುಗಿಸೋಕೆ ಆಡೋದು ಬೇರೆ, ಪಂದ್ಯಕ್ಕೆ ಟೀಮ್ ಕಟ್ಟೋದು ಬೇರೆ. ಪಂದ್ಯಕ್ಕೆ 6 ಜೀವಿಗಳ ತಂಡ ಬೇಕು. ಅಧಿಕೃತ ಪಂದ್ಯಗಳಲ್ಲಿ ಎದುರಾಳಿಯ ಆರನ್ನು ನೋಡಿ, ನಿಮ್ಮ ಆರರಲ್ಲಿ 4 ಮಾತ್ರ ಕಣಕ್ಕಿಳಿಸಬೇಕು. ಒಟ್ಟು 18 ಜಾತಿ ಇವೆ. ಬೆಂಕಿ ಹುಲ್ಲನ್ನು ಸುಡುತ್ತೆ, ನೀರು ಬೆಂಕಿಯನ್ನು ಆರಿಸುತ್ತೆ, ಹುಲ್ಲು ನೀರನ್ನು ಹೀರುತ್ತೆ, ಹೀಗೆ ಒಂದಕ್ಕೊಂದು. ಪ್ರತಿ ಜೀವಿಗೂ ಹುಟ್ಟಿನಿಂದ ಬಂದ ಅಂಕಿಗಳಿವೆ: ದೇಹಬಲ, ಹೊಡೆತ, ರಕ್ಷಣೆ, ವೇಗ, ಹೀಗೆ ಆರು ಗುಣ, ಒಂದೊಂದಕ್ಕೂ 0ಯಿಂದ 31ರವರೆಗೆ. ಆರಕ್ಕೆ ಆರೂ 31 ಬರಬೇಕು ಅಂತ ಸುಮ್ಮನೆ ಅದೃಷ್ಟ ನಂಬಿಕೊಂಡು ಕೂತರೆ 107 ಕೋಟಿಯಲ್ಲಿ ಒಂದು ಸಲ ಸಿಗಬಹುದು. ಅದಕ್ಕೆ ಆಟಗಾರರು ಏನು ಮಾಡ್ತಾರೆ? ಒಳ್ಳೆ ತಂದೆ, ಒಳ್ಳೆ ತಾಯಿ ಜೋಡಿ ಮಾಡಿ ಮೊಟ್ಟೆ ಒಡೆಸ್ತಾರೆ. ಮರಿ ಬಂತು, ಅಂಕಿ ನೋಡು, ಸಾಲದು, ಪಕ್ಕಕ್ಕೆ ಇಡು. ಇನ್ನೊಂದು ಮೊಟ್ಟೆ. ಮತ್ತೆ ಸಾಲದು. ಪಕ್ಕಕ್ಕೆ ಇಟ್ಟವುಗಳು ಹೋಗೋ ಜಾಗಕ್ಕೆ 'ಬಾಕ್ಸ್' ಅಂತಾರೆ. ಬಾಕ್ಸ್ ತುಂಬಿದ ಮೇಲೆ ಸಾಲಾಗಿ 'ರಿಲೀಸ್' ಒತ್ತುತ್ತಾ ಹೋಗೋದು.

ನಾನು ಎಷ್ಟು ರಿಲೀಸ್ ಮಾಡಿದ್ದೀನೋ ಲೆಕ್ಕ ಇಲ್ಲ. ಆಮೆನ್ ಅನ್ಬೇಡಿ ಇದಕ್ಕೆ.

ಆರಿಸೋ ಕೆಲಸ ನನಗೆ ಆಟದಿಂದ ಬಂದದ್ದಲ್ಲ. ನಾನು ಹೊಸನಗರ ತಾಲೂಕಿನವನು. ಅಮ್ಮ ಅಡಿಕೆ ಕೆಲಸಕ್ಕೆ ಹೋಗ್ತಿದ್ದರು. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಅದನ್ನು ಆರಿಸಬೇಕು: ಸರಕು, ಬೆಟ್ಟೆ, ರಾಶಿ, ಗೊರಬಲು. ಶಿವಮೊಗ್ಗ ಮಾರುಕಟ್ಟೆ ದರ ಪೇಪರಲ್ಲಿ ಬರೋದು ಇದೇ ಹೆಸರಲ್ಲಿ. ಸರಕು ಎಲ್ಲಕ್ಕಿಂತ ಮೇಲೆ, ಗೊರಬಲು ಕೆಳಗೆ. ಅಮ್ಮನ ಕೈ ಎಷ್ಟು ಬೇಗ ಓಡ್ತಿತ್ತು ಅಂದ್ರೆ, ನಾನು ಒಂದು ಅಡಿಕೆ ಹಿಡಿದು ತಿರುಗಿಸಿ ನೋಡೋದರಲ್ಲಿ ಅವರು ಹತ್ತು ಹಾಕಿರೋರು. ಒಂದು ಸಲ ಶಾಲೆಯ ಕಬಡ್ಡಿ ಟೀಮಿಂದ ನನ್ನ ಬಿಟ್ಟಿದ್ದರು. ಆ ಸಿಟ್ಟಲ್ಲಿ ಅಡಿಕೆ ರಾಶಿ ಮುಂದೆ ಸುಮ್ಮನೆ ಕೂತಿದ್ದೆ. ಅಮ್ಮ ಅಂದರು: "ಆರ್ಸು ಮಗಾ, ಅಡಿಕೆಗೆಂತ ಬೇಜಾರಾಗಲ್ಲ."

ತೀರ್ಥಹಳ್ಳಿ ಕಡೆ ನನ್ನ ದೊಡ್ಡಪ್ಪ ಇದ್ದರು. ಅವರದು ಕೋಳಿ. ಕೋಳಿ ಅಂಕ ನೋಡಿದವರಿಗೆ ಗೊತ್ತು, ಅದು ಬರೀ ಎರಡು ಹುಂಜ ತಂದು ಬಿಡೋ ಆಟ ಅಲ್ಲ. ಯಾವ ಬಣ್ಣದ ಹುಂಜ ಯಾವ ದಿನ ಯಾವ ಬಣ್ಣವನ್ನು ಗೆಲ್ಲುತ್ತೆ ಅನ್ನೋದಕ್ಕೆ ಕುಕ್ಕುಟ ಪಂಚಾಂಗ ಅಂತಲೇ ಒಂದಿದೆ. ಸಾಗರದ ಸೈಬರ್ ಸೆಂಟರಲ್ಲಿ ಮೊದಲನೇ ಸಲ ಪೋಕೆಮಾನಿನ 18 ಜಾತಿಗಳ ಪಟ್ಟಿ ನೋಡಿದಾಗ ನನಗೆ ನೆನಪಾಗಿದ್ದು ದೊಡ್ಡಪ್ಪನ ಜೇಬಲ್ಲಿದ್ದ ಆ ಹಳೇ ಪುಸ್ತಕ. ಆದರೆ ಒಂದು ವ್ಯತ್ಯಾಸ. ಆಟದಲ್ಲಿ ಸೋತದ್ದು ಮೂರ್ಛೆ ಹೋಗುತ್ತೆ, ಆಮೇಲೆ ಸೆಂಟರಿಗೆ ಕರ್ಕೊಂಡು ಹೋದರೆ ಗುಣ ಆಗುತ್ತೆ. ಅಂಕದಲ್ಲಿ ಹುಂಜದ ಕಾಲಿಗೆ ಸಣ್ಣ ಕತ್ತಿ ಕಟ್ಟಿರ್ತಾರೆ. ಸೋತ ಕೋಳಿ ಗೆದ್ದವನ ಪಾಲು, ಅವತ್ತು ರಾತ್ರಿ ಅವರ ಮನೆಯಲ್ಲಿ ಸಾರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಇದು ಅಪರಾಧ, ಪೊಲೀಸರು ಹಿಡಿದ ಸುದ್ದಿ ಈಗಲೂ ಬರುತ್ತೆ. ದೊಡ್ಡಪ್ಪನನ್ನು ನಾನು ಪ್ರೀತಿಸ್ತಿದ್ದೆ. ಅವರ ಹುಂಜಕ್ಕೆ ನೋವಾಗ್ತಿತ್ತು. ಎರಡೂ ನಿಜ.

ಹಾಗಾದರೆ ಅಡಿಕೆ ಆರಿಸೋದು ಸರಿ, ಅದಕ್ಕೆ ಬೇಜಾರಾಗಲ್ಲ. ಪರದೆ ಮೇಲಿನ ಮರಿ ರಿಲೀಸ್ ಮಾಡೋದೂ ಸರಿ, ಅದು ಬರೀ ಅಂಕಿ. ಹುಂಜ ತಪ್ಪು, ಅದಕ್ಕೆ ರಕ್ತ ಇದೆ. ಇಷ್ಟಕ್ಕೇ ಮುಗೀತು ಅಂತ ಅಂದ್ಕೊಂಡಿದ್ದೆ. ಮುಗೀಲಿಲ್ಲ, ಯಾಕಂದ್ರೆ ನನ್ನ ಒಂದು ನೋಟ್‌ಬುಕ್ ಇದೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನಾಗ ಸಾಗರದಲ್ಲಿ ಓದ್ತಿದ್ದೆ. ಸೈಬರ್ ಸೆಂಟರಲ್ಲಿ ಗಂಟೆಗೆ ದುಡ್ಡು ಕೊಟ್ಟು ಪೋಕೆಮಾನ್ ಶೋಡೌನ್ ಆಡ್ತಿದ್ದೆ. ಅದರಲ್ಲಿ ಮೊಟ್ಟೆ ಒಡೆಸೋ ಕಷ್ಟ ಇಲ್ಲ, ಬೇಕಾದ ಟೀಮ್ ನೇರ ಬರ್ಕೊಂಡು ಆಡಬಹುದು. ಟೀಮ್ ಲೆಕ್ಕಕ್ಕೆ 200 ಪೇಜಿನ ನೋಟ್‌ಬುಕ್ ಇಟ್ಟಿದ್ದೆ. ಶನಿವಾರ ಊರಿಗೆ ಹೋಗಿ ನಮ್ಮ ಚಿಕ್ಕ ಸಭೆಯ ಮಕ್ಕಳಿಗೆ ಪಾಠ ಹೇಳ್ತಿದ್ದೆ. ಆ ಬೇಸಿಗೆ ರಜೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲವು ಸಭೆಗಳು ಸೇರಿ ಮಕ್ಕಳಿಗೆ ಬೈಬಲ್ ಕ್ವಿಜ್ ಇಟ್ಟರು, ಸಾಗರದಲ್ಲಿ. ನಮ್ಮಲ್ಲಿ ತಯಾರಿ ಮಾಡಿದ್ದು 6 ಮಕ್ಕಳು. ವೇದಿಕೆ ಮೇಲೆ ಕುರ್ಚಿ 4.

ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಎಡಗಡೆ ಪುಟದಲ್ಲಿ ನನ್ನ ಪೋಕೆಮಾನ್ ಟೀಮ್, ಆರು ಹೆಸರು, ಪಕ್ಕದಲ್ಲಿ ವೇಗ, ಹೊಡೆತ, ರಕ್ಷಣೆ. ಬಲಗಡೆ ಪುಟದಲ್ಲಿ ಆರು ಮಕ್ಕಳ ಹೆಸರು, ಪಕ್ಕದಲ್ಲಿ ನೆನಪು, ವೇಗ, ಧೈರ್ಯ. ಅದೇ ಪೆನ್ನು. ಅದೇ ಥರ ಗೆರೆ.

ಅವರಲ್ಲಿ ಒಬ್ಬ ತೀರ್ಥಹಳ್ಳಿ ಗಡಿಯ ಹಳ್ಳಿಯವನು. ನೆನಪು ಅಂದ್ರೆ ಅವನದು. ಅರಸರ ಹೆಸರು ಕೇಳಿ, ಯೆಹೂದದ್ದು ಬೇಕಾ ಇಸ್ರಾಯೇಲಿನದು ಬೇಕಾ ಅಂತ ಕೇಳೋನು. ಆದರೆ ಮಾತು ತಡವರಿಸ್ತಿತ್ತು. ಮೊದಲ ಅಕ್ಷರ ಹೊರಗೆ ಬರೋಕೆ ನಾಲ್ಕೈದು ಸೆಕೆಂಡ್ ಬೇಕು. ಕ್ವಿಜಲ್ಲಿ ಗಂಟೆ ಒತ್ತಿ 5 ಸೆಕೆಂಡಲ್ಲಿ ಹೇಳಬೇಕು. ನಾನು ನೆನಪು ಅಂತ ಬರೆದ ಕಡೆ ಪೂರ್ತಿ ಅಂಕ ಹಾಕಿ, ವೇಗ ಅಂತ ಬರೆದ ಕಡೆ ಸೊನ್ನೆ ಸುತ್ತಿದ್ದೇನೆ. ಆ ಸೊನ್ನೆಯನ್ನು ಎರಡು ಸಲ ಸುತ್ತಿದ್ದೇನೆ, ಯಾಕೋ ಗೊತ್ತಿಲ್ಲ.

ನಾಲ್ಕು ಹೆಸರಿನ ಪಟ್ಟಿಯನ್ನು ಕ್ವಿಜ್ ದಿನ ಬೆಳಿಗ್ಗೆ ಹಾಲಿನ ಬಾಗಿಲಿಗೆ ಅಂಟಿಸಿದೆ. ಅವನು ತಾಯಿ ಜೊತೆ ಮೊದಲನೇ ಬಸ್ಸಿಗೆ ಹೊರಟು, ನಡುವೆ ಬಸ್ ಬದಲಿಸಿ ಸಾಗರಕ್ಕೆ ಬಂದಿದ್ದ. ಹೊಸ ಶರ್ಟ್, ಮಡಿಕೆ ಗೆರೆ ಇನ್ನೂ ಹೋಗಿರಲಿಲ್ಲ. ಬಾಗಿಲ ಹತ್ತಿರ ನಿಂತು ಪಟ್ಟಿ ಓದಿದ. ನಾನು ಒಳಗೆ ಗಂಟೆಯ ವೈರ್ ಸರಿ ಮಾಡ್ತಿದ್ದೆ. ನೋಡಿದೆ, ನೋಡದವನ ಹಾಗೆ ಇದ್ದೆ.

ನಾವು ಗೆದ್ದೆವು. ಇದೇ ನನಗೆ ಕಷ್ಟ ಆಗೋದು. ಸೋತಿದ್ದರೆ ಪ್ರಸಂಗಕ್ಕೆ ಒಳ್ಳೇ ಕತೆ ಆಗ್ತಿತ್ತು, ಕಡೆಗಣಿಸಿದವನೇ ಬೇಕಿತ್ತು ನೋಡಿ ಅಂತ. ಹಾಗೆ ಆಗಲಿಲ್ಲ. ನನ್ನ ಲೆಕ್ಕ ಸರಿ ಇತ್ತು. ಬಹುಮಾನ ಅಂತ 4 ಗೋಡೆ ಗಡಿಯಾರ ಕೊಟ್ಟರು, ಕುರ್ಚಿ ಮೇಲೆ ಕೂತವರಿಗೆ ಒಂದೊಂದು. ಉಳಿದ ಇಬ್ಬರಿಗೆ ಏನು ಅಂತ ನಾನೂ ಕೇಳಲಿಲ್ಲ. ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಈಗ ನೀವು ಹೇಳಬಹುದು, ಪಾಸ್ಟರ್, ಆಟ ನಿಮ್ಮ ಮನಸ್ಸು ಕೆಡಿಸಿತು, ಆದ್ದರಿಂದ ಆಟ ಪಾಪ. ಹಾಗೆ ಅಂದುಬಿಟ್ಟರೆ ನನಗೆ ಸುಲಭ. ಆದರೆ ನಮ್ಮಮ್ಮ ನಲವತ್ತು ವರ್ಷ ಅಡಿಕೆ ಆರಿಸಿದರು, ಒಬ್ಬ ಮನುಷ್ಯನನ್ನೂ ಗೊರಬಲು ಅನ್ನೋ ಕಣ್ಣಲ್ಲಿ ನೋಡಲಿಲ್ಲ. ಕೆಲಸ ಮುಗಿದು ಕೈ ತೊಳೆದರೆ ಆ ಕಣ್ಣೂ ತೊಳೆದು ಹೋಗ್ತಿತ್ತು. ನನಗೆ ಪುಟ ತಿರುಗಿಸೋ ಅಷ್ಟೂ ಪುರುಸೊತ್ತು ಇರಲಿಲ್ಲ. ದೋಷ ಎಡಗಡೆ ಪುಟದ್ದಲ್ಲ ಪ್ರಿಯರೇ.

ಇನ್ನು ಕೆಲವರು ಹೇಳ್ತಾರೆ, ಹಾಗಾದ್ರೆ ಆರಿಸೋದೇ ತಪ್ಪು, ಆರೂ ಮಕ್ಕಳನ್ನು ಕೂರಿಸಬೇಕಿತ್ತು. ಕುರ್ಚಿ ನಾಲ್ಕೇ ಇತ್ತಲ್ಲ. ಲೋಕದಲ್ಲಿ ಯಾವತ್ತೂ ಕುರ್ಚಿ ಕಡಿಮೆ. 1 ಸಮುವೇಲ 30ನೇ ಅಧ್ಯಾಯ ತೆಗೆದು ನೋಡಿ, ಮನೆಗೆ ಹೋಗಿ ನಿಧಾನ ಓದಿ. ಅಮಾಲೇಕ್ಯರು ಚಿಕ್ಲಗ್ ಊರನ್ನು ಸುಟ್ಟು, ಹೆಂಡತಿ ಮಕ್ಕಳನ್ನೆಲ್ಲ ಹಿಡಿದುಕೊಂಡು ಹೋಗಿದ್ದಾರೆ. ದಾವೀದನ ಜೊತೆ 600 ಜನ ಬೆನ್ನಟ್ಟಿ ಹೊರಟರು. ಬೆಸೋರ್ ಹಳ್ಳದ ಹತ್ತಿರ ಬಂದಾಗ 200 ಜನರ ಕಾಲು ಸೋತಿತು, ದಾಟೋಕೆ ಆಗಲ್ಲ. ದಾವೀದ ಏನು ಮಾಡಿದ? ಕಣ್ಣೀರು ಹಾಕಿಕೊಂಡು ಅಲ್ಲೇ ಕೂತನಾ? ಎಲ್ಲರೂ ಬಂದರೆ ಮಾತ್ರ ಹೋಗ್ತೀನಿ ಅಂದನಾ? ಇಲ್ಲ. 400 ಜನರನ್ನು ಕರ್ಕೊಂಡು ಹೋದ. ಆರರಲ್ಲಿ ನಾಲ್ಕು, ಗಮನಿಸಿದ್ರಾ? ಹೋಗದೇ ಇದ್ದಿದ್ದರೆ ಆ 200 ಜನರ ಮಕ್ಕಳೂ ಸಿಕ್ತಿರಲಿಲ್ಲ. ಇದನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಗೆದ್ದು ವಾಪಸ್ ಬಂದರು. ಈಗ ನಿಜವಾದ ಪರೀಕ್ಷೆ. ಹೋದ ನಾನೂರರಲ್ಲಿ ಕೆಲವರು ಅಂದರು, ಇವರು ನಮ್ಮ ಜೊತೆ ಬರಲಿಲ್ಲ, ಹೆಂಡತಿ ಮಕ್ಕಳನ್ನು ಕೊಟ್ಟು ಕಳಿಸೋಣ, ಕೊಳ್ಳೆಯಲ್ಲಿ ಪಾಲು ಬೇಡ. ಲೆಕ್ಕಕ್ಕೆ ಕೂತರೆ ಅವರ ಮಾತಲ್ಲೂ ನ್ಯಾಯ ಇದೆ. ಬೆವರು ಇವರದು. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಅಂತ ಮಾಡಿದ. ಅದು ಒಂದು ದಿನದ ಮಾತಾಗಿ ಉಳಿಯಲಿಲ್ಲ, ಇಸ್ರಾಯೇಲಿನಲ್ಲಿ ನಿಯಮವೇ ಆಯ್ತು.

ಆ ಪಾಲಿನ ವಿಷಯ ನಾವೆಲ್ಲ ಕೇಳಿದ್ದೇವೆ. ಅದಕ್ಕಿಂತ ಮೊದಲಿನ ಒಂದು ವಚನ ಇದೆ, ನಾನು ಎಷ್ಟೋ ವರ್ಷ ಓದಿಯೂ ದಾಟಿ ಹೋಗಿದ್ದೆ. ಪಾಲಿನ ಜಗಳ ಶುರುವಾಗೋದಕ್ಕೆ ಮುಂಚೆ, ದಾವೀದ ಆ 200 ಜನರ ಹತ್ತಿರ ತಾನೇ ಹೋಗಿ, ಹೇಗಿದ್ದೀರಿ ಅಂತ ವಿಚಾರಿಸಿದ. ಗೆದ್ದು ಬಂದ ಸೇನಾಪತಿ, ಹಳ್ಳದ ದಡದಲ್ಲಿ ನಾಚಿಕೊಂಡು ಕೂತವರನ್ನು. ನಾನು ಗಂಟೆಯ ವೈರ್ ಹಿಡಿದುಕೊಂಡು ನಿಂತಿದ್ದೆ.

ಪೋಕೆಮಾನ್ ಆಡೋ ತಮ್ಮಂದಿರಿಗೆ ಈಗ ಪಚಿರಿಸು ನೆನಪಾಗ್ತಿರುತ್ತೆ, ನನಗೆ ಗೊತ್ತು. ಬೇರೆಯವರಿಗಾಗಿ ಹೇಳ್ತೀನಿ. 2014ರಲ್ಲಿ ವಾಷಿಂಗ್ಟನ್ ನಗರದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೀತು. ಕೊರಿಯಾದ ಸೇಜುನ್ ಪಾರ್ಕ್ ಗೆದ್ದರು, ತಂಡದಲ್ಲಿ ಪಚಿರಿಸು ಅನ್ನೋ ಅಳಿಲಿನಂಥ ಜೀವಿ ಇಟ್ಟುಕೊಂಡು. ಗಾರ್ಚೋಂಪ್‌ನ ಮೂಲ ಅಂಕಿಗಳ ಮೊತ್ತ 600, ಈ ಅಳಿಲಿನದು 405. ಯಾರೂ ಮೂಸಿ ನೋಡದ ಜೀವಿ. ಅದರ ಕೆಲಸ ಏನಪ್ಪಾ ಅಂದ್ರೆ, ಎದುರಾಳಿಯ ಹೊಡೆತವನ್ನು ತನ್ನ ಕಡೆ ಎಳೆದುಕೊಂಡು ಪಕ್ಕದವರನ್ನು ಉಳಿಸೋದು. ಯೂತ್ ಕ್ಯಾಂಪಲ್ಲಿ ಇದನ್ನು ಹೇಳಿದರೆ ಚಪ್ಪಾಳೆ ಗ್ಯಾರಂಟಿ. ನಾನೇ ಎರಡು ಸಲ ಹೇಳಿದ್ದೀನಿ. ಈಗ ಅಷ್ಟು ಸಮಾಧಾನ ಇಲ್ಲ. ಪಾರ್ಕ್ ಅದನ್ನು ಕರುಣೆಯಿಂದ ಆರಿಸಲಿಲ್ಲ, ಲೆಕ್ಕ ಹಾಕಿ ಆರಿಸಿದರು. ಅವರ ಲೆಕ್ಕ ಬೇರೆಯವರಿಗಿಂತ ಸೂಕ್ಷ್ಮ, ಅಷ್ಟೇ. ಪಚಿರಿಸು ಕತೆ ಹೇಳೋದು, ನೋಡಿ, ಇದೂ ಉಪಯೋಗಕ್ಕೆ ಬಂತು ಅಂತ. ಬರದಿದ್ದರೆ? ನಿಮ್ಮಲ್ಲಿ ಎಷ್ಟೋ ಜನ ಐಟಿಯಲ್ಲಿದ್ದೀರಿ, 'ಬೆಂಚ್' ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪ್ರಾಜೆಕ್ಟ್ ಇಲ್ಲದೆ ಮೂರು ತಿಂಗಳು ಕೂತವನಿಗೆ, ನೀನೂ ಒಂದಿನ ಉಪಯೋಗಕ್ಕೆ ಬರ್ತೀಯ ಅಂದ್ರೆ ಅದು ಸಾಂತ್ವನಾನಾ, ಗಡುವಾ?

ಮಾರ್ಕನ ವಿಷಯದಲ್ಲೂ ನನಗೆ ಇದೇ. ಅವನು ಪಂಫುಲ್ಯದಲ್ಲಿ ಬಿಟ್ಟು ಹೋದ ಅಂತ ಪೌಲನು ಎರಡನೇ ಪ್ರಯಾಣಕ್ಕೆ ಬೇಡ ಅಂದ. ಬಾರ್ನಬ ಅವನನ್ನು ಕರ್ಕೊಂಡು ಬೇರೆ ಹಡಗು ಹತ್ತಿದ. ಕಡೆಗಾಲದಲ್ಲಿ ಅದೇ ಪೌಲ, ಮಾರ್ಕನನ್ನು ಕರ್ಕೊಂಡು ಬಾ, ಸೇವೆಗೆ ಉಪಯೋಗ ಆಗ್ತಾನೆ ಅಂತ ಬರೆದ. ನಾವು ಪ್ರಸಂಗ ಮಾಡೋದು ಯಾವಾಗಲೂ ಆ ಕಡೆಯ ಪತ್ರದ ಮೇಲೆ. ಆದರೆ ಬಾರ್ನಬನ ಹತ್ತಿರ ಆ ಪತ್ರ ಇರಲಿಲ್ಲ. ಅವನು ಕರ್ಕೊಂಡು ಹೋದಾಗ ಮಾರ್ಕ ಇನ್ನೂ ಓಡಿಹೋದವನೇ.

ಆಟ ಮಾಡಿದವರಿಗೂ ಎಲ್ಲೋ ಚುಚ್ಚಿರಬೇಕು. 2016ರ ಸನ್ ಮತ್ತು ಮೂನ್ ಆಟದಲ್ಲಿ ಹೈಪರ್ ಟ್ರೇನಿಂಗ್ ಅಂತ ತಂದರು, ಹುಟ್ಟಿನಲ್ಲಿ ಕಡಿಮೆ ಅಂಕಿ ಬಂದಿದ್ದನ್ನೂ ತರಬೇತಿ ಕೊಟ್ಟು 31 ಇದ್ದ ಹಾಗೆ ಆಡಿಸಬಹುದು. ಒಳಗಿನ ಮೂಲ ಅಂಕಿ ಮಾತ್ರ ಹಾಗೇ ಉಳಿಯುತ್ತೆ. ಇರಲಿ, ಅಷ್ಟಾದರೂ ಮಾಡಿದರು.

ಹೋದ ವರ್ಷ ಅಮ್ಮನನ್ನು ನೋಡೋಕೆ ಊರಿಗೆ ಹೋಗೋವಾಗ ಸಾಗರ ಬಸ್ ಸ್ಟ್ಯಾಂಡ್ ಹತ್ತಿರ ಯಾರೋ "ಅಣ್ಣ" ಅಂತ ಕರೆದರು. ತಿರುಗಿದೆ. ಅವನೇ. ಗಡ್ಡ ಬಂದಿದೆ, ಗೂಡ್ಸ್ ಗಾಡಿ ಓಡಿಸ್ತಾನೆ, ಅಡಿಕೆ ಲೋಡು. ನನ್ನನ್ನು ಎಳ್ಕೊಂಡು ಹೋಗಿ ಟೀ ಕುಡಿಸಿದ. ನಾನು ಮೊದಲನೇ ಗುಟುಕಿಗೇ ಕ್ಷಮೆ ಕೇಳೋಕೆ ಹೋದೆ, ಪ್ರಸಂಗಿಗಳ ಚಾಳಿ, ನಾವೇ ಶುರು ಮಾಡಿ ನಾವೇ ಮುಗಿಸಿಬಿಡ್ತೀವಿ. ಅವನು ಕೈ ಅಡ್ಡ ಹಿಡಿದ. ಅವನಿಗೆ ಹೇಳೋದಿತ್ತು. ಮೊದಲ ಅಕ್ಷರ ಇನ್ನೂ ತಡವಾಗೇ ಬರುತ್ತೆ. ಎರಡು ಸಲ ಅವನ ಮಾತನ್ನು ನಾನೇ ಪೂರ್ತಿ ಮಾಡೋಕೆ ಬಾಯಿ ತೆರೆದು ಮುಚ್ಚಿಕೊಂಡೆ.

"ಎಂತ ಅಣ್ಣ, ನಾನು ಕೂತಿದ್ರೆ ಸೋಲ್ತಿದ್ವಿ. ಅದು ನಂಗೂ ಗೊತ್ತಿತ್ತು" ಅಂದ. 'ಸೋಲ್ತಿದ್ವಿ' ಅಂದ, 'ಸೋಲ್ತಿದ್ರಿ' ಅನ್ನಲಿಲ್ಲ. ಇಷ್ಟು ವರ್ಷ ಆದ್ಮೇಲೂ ಅವನ ಲೆಕ್ಕದಲ್ಲಿ ಅವನು ನಮ್ಮ ಟೀಮಲ್ಲೇ ಇದ್ದ.

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಗ್ಲಾಸ್ ಕೆಳಗಿಟ್ಟು ಅಂದ: "ಬಾಗಿಲ ಮೇಲೆ ಓದ್ಕಂಡೆ ಅಲ್ಲನಾ, ಅದೊಂದು. ಅಮ್ಮಂಗೆ ಓದಾಕೆ ಬರಲ್ಲ. ಎಂತ ಬರ್ದಿದಾರೆ ಅಂತ ಕೇಳಿದ್ರು. ನಾನೇ ಹೇಳ್ಬೇಕಾತು."

ಟೀ ದುಡ್ಡು ಅವನೇ ಕೊಟ್ಟ. ಈಗ ಯಾವ ಸಭೆಗೆ ಹೋಗ್ತೀಯಾ ಅಂತ ನಾನು ಕೇಳಲಿಲ್ಲ. ಕೇಳೋ ಹಕ್ಕು ನನಗೆ ಅವತ್ತು ಇರಲಿಲ್ಲ ಅನ್ನಿಸ್ತು.

ಶುಕ್ರವಾರ ಕೇಳಿದ ತಮ್ಮ ಎಲ್ಲಿ, ಮೂರನೇ ಸಾಲಲ್ಲಿ ತಲೆ ತಗ್ಗಿಸಿ ಕೂತಿದಾನೆ. ನಿನ್ನ ಟೀಮ್ ಕಟ್ಟಪ್ಪಾ. ಚೆನ್ನಾಗಿ ಕಟ್ಟು, ನಿನ್ನ ಮೂರನೇ ಪೋಕೆಮಾನ್ ತುಂಬಾ ನಿಧಾನ, ಅದನ್ನು ಬದಲಾಯಿಸು. ನೋಟ್‌ಬುಕ್ ಮಾತ್ರ ಬೇರೆ ಇಡು.

ಇನ್ನೊಂದು ಪ್ರಕಟಣೆ ಇದೆ, ಇದೇ ವಿಷಯಕ್ಕೆ ಸೇರಿದ್ದು. ಕ್ರಿಸ್ಮಸ್ ಆರಾಧನೆಯ ಹಾಡಿನ ತಂಡಕ್ಕೆ 18 ಜನ ಹೆಸರು ಕೊಟ್ಟಿದ್ದೀರಿ. ಮೈಕ್ ಇರೋದು 8. ಹಾಡು ಕೇಳಿದ್ದೇನೆ, ಎಂಟು ಹೆಸರು ಬರೆದಿದ್ದೇನೆ. ಆ ಪಟ್ಟಿ ಈಗ ನನ್ನ ಬೈಬಲ್ ಒಳಗೆ ಇದೆ, ವಾಟ್ಸಾಪ್ ಗ್ರೂಪಿಗೆ ಹಾಕಿಲ್ಲ. ಯಾಕೆ ತಡ ಅಂತ ಕೋಆರ್ಡಿನೇಟರ್ ಅಕ್ಕ ನಾಲ್ಕು ಸಲ ಫೋನ್ ಮಾಡಿದ್ದಾರೆ. ನಾಳೆ ಸಂಜೆಯಿಂದ ನಾನು ಹತ್ತು ಮನೆಗೆ ಹೋಗ್ತೀನಿ. ಹೆಣ್ಣೂರಿಂದ ಶುರು, ಕೊನೇದು ಕೆಂಗೇರಿ, ಒಂದು ವಾರ ಆಗಬಹುದು. ನಾನು ಬಂದರೆ ಯಾಕೆ ಬಂದೆ ಅಂತ ನಿಮಗೆ ಗೊತ್ತಾಗೇ ಆಗುತ್ತೆ, ಆದರೂ ಬಾಗಿಲಲ್ಲೇ ಕೇಳಿ ಕಳಿಸಬೇಡಿ. ಟೀ ಇಡಿ. ಸಕ್ಕರೆ ಕಡಿಮೆ.

ಪ್ರಾರ್ಥನೆಗೆ ಎದ್ದು ನಿಲ್ಲೋಣ.